ಬಿಳಿಯದೋ ನೀಲಿಯದೋ

ನಮ್ಮತ್ತೆಯ ಎಡಗೈ ಸದಾ ನಿಂಬೆಹಣ್ಣಿನ ವಾಸನೆ ಹೊಡೆಯುತ್ತಿತ್ತು. ಬಸ್ಸು ಹತ್ತುವ ದಿನ ಸರಿಯೇ, ಹತ್ತದ ದಿನವೂ ಮುಷ್ಟಿಯಲ್ಲೊಂದು ಪುಟ್ಟ ನಿಂಬೆಹಣ್ಣು ಇರಲೇಬೇಕು. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದು ಮತ್ತೆ ಮುಷ್ಟಿ ಮುಚ್ಚುವರು. ಡೀಸೆಲ್ಲು, ಪೆಟ್ರೋಲಿನ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಮುಖ ಸಿಂಡರಿಸುವ ಮಾತಲ್ಲ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಸ್ಟಾರ್ಟ್ ಆಗಿ ಒಂದು ಸಲ ಗುರ್ ಎಂದರೆ ಸಾಕು, ಇವರಿಗೆ ಹೊಟ್ಟೆ ತೊಳಸಲು ಶುರು. ಟಿ. ನರಸೀಪುರ ಬರುವಷ್ಟರಲ್ಲಿ ಮಡಿಲಲ್ಲಿದ್ದ ಪ್ಲಾಸ್ಟಿಕ್ ಕವರೆಲ್ಲ ಮುಗಿದುಹೋಗಿ, ಪಕ್ಕದಲ್ಲಿ ಕೂತವರು ಎದ್ದು ಹೋಗಿರುತ್ತಿದ್ದರು.

ಇಂಥ ಹೆಂಗಸಿಗೆ ದೇವರು ಒಂದು ಗಳಿಗೆ ಕೂರುವ ಬುದ್ಧಿಯನ್ನೂ ಕೊಟ್ಟಿರಲಿಲ್ಲ, ನೋಡಿ! ನಾನು ತೊಳೆದಿಟ್ಟ ಪಾತ್ರೆಯನ್ನು ಇನ್ನೊಮ್ಮೆ ತೊಳೆಯುವರು. ಗೇಟಿನವರೆಗೆ ಹೋಗಿ ಬರುವರು. ಕೊತ್ತಂಬರಿಗೆ ಒಂದು ಸಲ, ಅದೇ ಅಂಗಡಿಗೆ ಹಸಿಮೆಣಸಿನಕಾಯಿಗೆ ಇನ್ನೊಂದು ಸಲ. "ಒಟ್ಟಿಗೇ ತರಬಾರದಾ ಅತ್ತೆ?" ಎಂದರೆ, "ಒಟ್ಟಿಗೇ ತಂದ್ರೆ ಆಮೇಲೆ ಎಲ್ಲಿಗವ್ವಾ ಓಗ್ಲಿ?" ಎನ್ನುವರು. ಹೈಸ್ಕೂಲಿನಲ್ಲಿ ಪಾಠ ಹೇಳುವ ನನಗೇ ಅವರನ್ನು ನೋಡಿ ನೋಡಿ ತಲೆ ಸುತ್ತು ಬರುತ್ತಿತ್ತು.

ಹೋಟೆಲಿಗೆ ಹೋದರೆ ಮಾತ್ರ ಬೇರೆಯೇ ಮನುಷ್ಯೆ. ಏನು ಬೇಕು ಎಂದರೆ, "ನೀವೇನ್ ತಿಂತೀರೋ ಅದೇ." ಸೀರೆ ಅಂಗಡಿಯಲ್ಲೂ ಅದೇ ಮಾತು. ನಮ್ಮ ಮಾವ ಇರುವವರೆಗೂ ಅವರ ಸೀರೆಯ ಬಣ್ಣ ಮಾವ ಆರಿಸಿದ್ದು, ಕುಪ್ಪಸದ ಬಣ್ಣವೂ ಮಾವನದೇ. ಅವರು ಹೋದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು.

ಅವರ ಜೀವ ಇದ್ದದ್ದು ಸೋಸಲೆಯಲ್ಲಿ. ಅಲ್ಲಿ ಅವರ ಅಕ್ಕ, ನನಗೆ ದೊಡ್ಡತ್ತೆ. ಹೋದ ವರ್ಷ ದೊಡ್ಡತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅತ್ತೆ ಅಂದೇ ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಹೊರಟರು. ನರಸೀಪುರದ ಹೊತ್ತಿಗೆ ವಾಂತಿಯಾಗಿ ಆಗಿ ಕಣ್ಣು ಮೇಲೆ ಸಿಕ್ಕಿಸಿಕೊಂಡು, ಅಲ್ಲೇ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದರು. ಸೋಸಲೆ ಅಲ್ಲಿಂದ ಕೂಗಳತೆಯಲ್ಲಿದೆ ಅನ್ನಬಹುದು. ಆದರೂ ಡಾಕ್ಟರು ಬೈದು ವಾಪಸು ಕಳಿಸಿದರು. ಫೋನಿನಲ್ಲಿ ಮುಖ ತೋರಿಸಿದರೆ, "ಇದ್ರಲ್ಲಿ ಅಕ್ಕನ ಮೂಗೊಂದೇ ಕಾಣ್ತದೆ, ಮುಟ್ಟಾಕಾಯ್ತದಾ?" ಎಂದು ಫೋನನ್ನು ಮಂಚದ ಮೇಲೆ ಬಿಸಾಕಿದರು.

ಒಂದು ದಿನ ನನ್ನ ಜೊತೆಯ ಟೀಚರೊಬ್ಬರು ನಮ್ಮಿಬ್ಬರನ್ನೂ ತಮ್ಮ ಕರೆಂಟಿನ ಕಾರಿನಲ್ಲಿ ದೇವಸ್ಥಾನದಿಂದ ಮನೆಗೆ ಬಿಟ್ಟರು. ಮನೆ ಬಂತು, ಅತ್ತೆ ಇಳಿಯಲೇ ಇಲ್ಲ. ನಿಂಬೆಹಣ್ಣು ಸೀಟಿನ ಮೇಲೆ ಬಿದ್ದಿದೆ, ಇವರು ಮೂಗರಳಿಸಿ ಮೂಸುತ್ತಿದ್ದಾರೆ.

"ವಾಸ್ನೆನೇ ಇಲ್ವಲ್ಲವ್ವಾ! ಇದ್ರಲ್ಲಿ ನಾನು ಸೋಸ್ಲೆಗೆ ಓಗ್ಬೋದು."

ತವರಿನ ಜಮೀನು ಮಾರಿದಾಗ ಅಣ್ಣತಮ್ಮಂದಿರು ಕೊಟ್ಟ ಪಾಲು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಅದನ್ನು ತೆಗೆಸಿ ಕಾರು ಕೊಳ್ಳುವುದು, ಡ್ರೈವಿಂಗ್ ಕಲಿತಿದ್ದ ನಾನು ಓಡಿಸುವುದು ಎಂದು ಮಗನ ಮುಂದೆ ಕೂತು ತೀರ್ಮಾನ ಹೇಳಿಬಿಟ್ಟರು.

ನಮ್ಮನೆಯವರಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಕರೆಂಟನ್ನು ಅವರಷ್ಟು ನಂಬದವರನ್ನು ನಾನು ಕಂಡಿಲ್ಲ. ಮೈಸೂರಿನ ಶೋರೂಮುಗಳನ್ನೆಲ್ಲ ಸುತ್ತಿ ಕೊನೆಗೆ ಎರಡು ಕಾರಿಗೆ ಬಂದು ನಿಂತರು. ಎರಡೂ ಈಚೆಗೆ ಈ ಕಡೆ ಕಾಲಿಟ್ಟ ಚೀನಾದ ಕಂಪನಿಗಳವು. ಆ ಇಂಗ್ಲಿಷ್ ಹೆಸರುಗಳು ಅತ್ತೆಯ ಬಾಯಿಗೆ ಬರಲಿಲ್ಲ. ಮಗನ ಫೋನಿನಲ್ಲಿ ಕಂಡ ಬಣ್ಣದ ಮೇಲೆ ಒಂದು ಬಿಳೀದು, ಇನ್ನೊಂದು ನೀಲೀದು ಎಂದು ಅವರೇ ನಾಮಕರಣ ಮಾಡಿದರು. ಬಿಳೀದರ ಸೀಟು ಎತ್ತರ, ಮಂಡಿ ಮಡಿಸದೆ ಹತ್ತಬಹುದು. ನೀಲೀದರ ಬ್ಯಾಟರಿ ವಾಸಿ. ಈ ಕಂಪನಿ ನಾಳೆ ಅಂಗಡಿ ಮುಚ್ಚಿದರೆ ಬಿಡಿಭಾಗ ಎಲ್ಲಿಂದ? ಆ ಕಂಪನಿಯ ಸರ್ವಿಸು ಹೇಗೆ? ನಮ್ಮನೆಯವರು ಊಟದ ತಟ್ಟೆ ಮುಂದೆ ಇಟ್ಟುಕೊಂಡೂ ವಿಡಿಯೋ ನೋಡಿದ್ದೇ ನೋಡಿದ್ದು. ಬೆಳಗ್ಗೆ ಬಿಳೀದು ಎನ್ನುವರು, ಸಾಯಂಕಾಲ ನೀಲೀದು. ಇನ್ನೊಂದು ದಿನ, "ಚೀನಾ ಮಾಲೇ ಬೇಡ ಬಿಡವ್ವಾ, ಗಡಿಯಲ್ಲಿ ನಮ್ಮೋರ ಜೊತೆ ಜಗಳ ಆಡ್ತಾರೆ" ಎಂದರು.

ಅತ್ತೆಗೆ ರೇಗಿತು. "ನಿನ್ ಕೈಲಿರೋ ಫೋನು ಎಲ್ಲೀದ್ಲಾ? ದೀಪಾವಳಿಗೆ ಮನೆ ಮುಂದೆ ಮಿಣಮಿಣ ಅಂತ ಹಾಕ್ದಲ್ಲ ಲೈಟು, ಅದೆಲ್ಲೀದು? ಎಲ್ಲಾದ್ಕೂ ಚೀನಾ ಬೇಕು, ನಾನು ನಮ್ಮಕ್ಕನ್ನ ನೋಡಾಕೆ ಮಾತ್ರ ಬ್ಯಾಡ್ವಾ?"

ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಒಳಗೊಳಗೇ ಸಂಕಟ. ಸೋಸಲೆಯಿಂದ ಬರುವ ಒಂದೊಂದು ಫೋನಿನಲ್ಲೂ ದೊಡ್ಡತ್ತೆಯ ಊಟ ಕಡಿಮೆಯಾಗುತ್ತಾ ಹೋಗುತ್ತಿತ್ತು. ಇಲ್ಲಿ ನಾವು ಬ್ಯಾಟರಿ ಅಳೆಯುತ್ತಾ ಕೂತಿದ್ದೆವು.

ಕೊನೆಗೆ ದೇವಿತಾಯಿಯನ್ನೇ ಕೇಳೋಣ ಎಂದಾಯಿತು. ತಾಂಡವಪುರದ ಹತ್ತಿರ ನಮ್ಮ ಮನೆದೇವತೆಯ ಗುಡಿ ಇದೆ. ಹೆಣ್ಣು ಕೊಡುವುದಿರಲಿ, ಬೋರು ಕೊರೆಸುವುದಿರಲಿ, ನಮ್ಮವರು ಅಲ್ಲಿ ಹೂ ಕೇಳದೆ ಮುಂದುವರಿಯುವುದಿಲ್ಲ. ದೇವಿಯ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಇದು, ಎಡಕ್ಕೆ ಬಿದ್ದರೆ ಅದು ಎಂದು ಮನಸ್ಸಿನಲ್ಲೇ ನೆನೆಯಬೇಕು, ಬಾಯಿಬಿಟ್ಟು ಹೇಳಬಾರದು. ಅಲ್ಲಿಯವರೆಗಿನ ಪುಟ್ಟ ದಾರಿಯನ್ನು ಅತ್ತೆ ನಿಂಬೆಹಣ್ಣು ಮೂಸುತ್ತಲೇ ಕಳೆದರು. ಅಮ್ಮ, ಮಗ ಇಬ್ಬರೂ ಕಣ್ಣು ಮುಚ್ಚಿ ನಿಂತರು. ಪೂಜಾರಪ್ಪ ಗಂಟೆ ಬಾರಿಸಿದ್ದೇ ತಡ, ಬಲಗಡೆಯ ಹೂವು ಟಪ್ ಎಂದು ಬಿತ್ತು. ಇಷ್ಟು ಬೇಗ ತಾಯಿ ಯಾರಿಗೂ ಕೊಟ್ಟಿಲ್ಲ ಎಂದು ಪೂಜಾರಪ್ಪನಿಗೂ ಖುಷಿ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅತ್ತೆ, "ಸದ್ಯ, ಬಿಳೀದೇ ಆಯ್ತು" ಎಂದರು.

"ಬಿಳೀದಾ? ಅವ್ವಾ, ನಾನು ಬಲಕ್ಕೆ ನೀಲೀದು ಅಂತ ನೆನೆಸ್ಕೊಂಡಿದ್ದೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಓಡಿಹೋಗಿ ಪೂಜಾರಪ್ಪನನ್ನು ಕೇಳಿದೆ. ಅವರು ಹಣೆ ಚಚ್ಚಿಕೊಂಡರು. "ನೆನೆಯೋರು ಒಬ್ರೇ ಇರ್ಬೇಕು ಕಣ್ರವ್ವಾ. ಈಗ ಮತ್ತೆ ಕೇಳಿದ್ರೆ ತಾಯಿ ಮಾತ್ನ ನಂಬ್ಲಿಲ್ಲ ಅಂದಂಗಾಯ್ತದೆ. ಅಮಾಸೆ ಕಳೀಲಿ, ಬನ್ನಿ."

ಅಮಾವಾಸ್ಯೆ ಇನ್ನೂ ದೂರವಿತ್ತು. ಅತ್ತೆ ಮನೆಯಲ್ಲಿ ಓಡಾಡಿದ ಓಡಾಟಕ್ಕೆ ನೆಲ ಸವೆಯಬೇಕಿತ್ತು. ಆ ನಡುವೆ ಬಿಳೀದರ ಶೋರೂಮಿನವನು, ನಡುವಯಸ್ಸಿನ ಗೃಹಸ್ಥ, ಓಡಿಸಿ ನೋಡಲಿ ಎಂದು ಕಾರನ್ನು ಮನೆಗೇ ತಂದ. ಅಂದು ಬೆಳಗ್ಗೆ ತಾನೇ ಸೋಸಲೆಯಿಂದ ದೊಡ್ಡತ್ತೆಯ ಮಗ ಫೋನು ಮಾಡಿ, ಗಂಜಿಯೂ ಒಳಗೆ ಹೋಗುತ್ತಿಲ್ಲ ಎಂದಿದ್ದರು. ಅತ್ತೆ ತಲೆಯನ್ನೂ ಬಾಚದೆ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ನಾನು ಸ್ಟೇರಿಂಗ್ ಹಿಡಿದೆ, ಅವನು ಪಕ್ಕದಲ್ಲಿ ಕೂತ.

"ಊರಾಚೆ ತನಕ ಹೋಗಿ ತಿರುಗಿಸ್ಕೊಳ್ಳಿ ಮೇಡಂ" ಎಂದ.

ಊರಾಚೆ ಬಂತು. ಹಿಂದಿನಿಂದ ದನಿ: "ನನ್ ಒಟ್ಟೆ ಇನ್ನೂವೆ ಏನೂ ಏಳ್ಲಿಲ್ಲ ಕಣಪ್ಪ. ಇನ್ನೊಸಿ ದೂರ ಓಗ್ಲಿ."

ಇನ್ನೊಸಿ ದೂರ ಹೋದೆವು. ಕಬ್ಬಿನ ಗದ್ದೆಗಳು ಬಂದವು, ಹೋದವು. ಆತ ವಾಚು ನೋಡಿದ. "ಅಮ್ಮಾ, ಇನ್ನೊಬ್ರ ಮನೆಗೆ ತೋರಿಸೋಕೆ ಹೋಗ್ಬೇಕು."

"ಓಗೀವಂತೆ. ಪರೀಕ್ಷೆ ಅಂದ್ಮೇಲೆ ಪೂರ್ತಿ ಪರೀಕ್ಷೆ ಆಗ್ಬೇಕಾ, ಬ್ಯಾಡ್ವಾ? ಅರ್ಧ ದಾರೀಲಿ ವಾಂತಿ ಆದ್ರೆ ನೀನು ಕಾರ್ ವಾಪಸ್ ತಗೋತೀಯಾ?"

ಅವನು ಫೋನು ತೆಗೆದು ಆ ಇನ್ನೊಬ್ಬರಿಗೆ ತಡವಾಗುತ್ತದೆ ಎಂದು ಹೇಳಿದ. ನನ್ನ ಕಾಲೂ ಬ್ರೇಕಿನ ಕಡೆ ಹೋಗಲಿಲ್ಲ. ನರಸೀಪುರ ದಾಟಿದ್ದೂ ಆಯಿತು, ಹೊಳೆ ದಾಟಿದ್ದೂ ಆಯಿತು. ಸೋಸಲೆಯ ಮನೆ ಮುಂದೆ ಕಾರು ನಿಂತಾಗ ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದು ಒಳಗೆ ಓಡಿದರು.

ದೊಡ್ಡತ್ತೆಗೆ ತಂಗಿಯ ಗುರುತು ಹಿಡಿಯಲಿಕ್ಕೇ ಒಂದು ಗಳಿಗೆ ಬೇಕಾಯಿತು. "ಬಾಡೋಗಿದ್ದೀಯಲ್ಲೇ" ಎಂದರು, ತಾವು ಹಾಸಿಗೆಗೆ ಅಂಟಿಕೊಂಡಿರುವುದನ್ನು ಮರೆತು. ಅತ್ತೆ ಜಗಳ ಶುರು ಮಾಡಿದರು. ತಲೆಗೆ ಎಣ್ಣೆ ಕಾಣಿಸಿ ಎಷ್ಟು ದಿನವಾಯಿತು, ಹಾಸಿಗೆಗೆ ಬಿಸಿಲು ತೋರಿಸಿಲ್ಲವೇಕೆ, ಗಂಜಿ ಬೇಡ ಎನ್ನಲು ನೀನೇನು ಮಹಾರಾಣಿಯಾ? ಬೈಯುತ್ತಲೇ ಅಕ್ಕನ ತಲೆಗೆ ಹರಳೆಣ್ಣೆ ತಟ್ಟಿ, ಸಿಕ್ಕು ಬಿಡಿಸಿ, ಜಡೆ ಹಾಕಿ, ಮಾತಿನ ನಡುವೆಯೇ ಒಂದು ಬಟ್ಟಲು ಗಂಜಿ ಕುಡಿಸಿದರು. ಅಷ್ಟು ಹೊತ್ತೂ ಒಮ್ಮೆಯೂ ಜಾಗ ಬಿಟ್ಟು ಏಳಲಿಲ್ಲ. ಶೋರೂಮಿನವನಿಗೆ ಹಜಾರದಲ್ಲಿ ರಾಗಿಮುದ್ದೆ, ಅವರೆಕಾಳು ಸಾರು ಬಡಿಸಿದರು. ಪಾಪ, ಎರಡನೇ ಮುದ್ದೆಯ ಹೊತ್ತಿಗೆ ಅವನೂ ವಾಚು ನೋಡುವುದನ್ನು ಬಿಟ್ಟಿದ್ದ.

ಮನೆಗೆ ಬಂದವರೇ ಮಗನಿಗೆ ಹೇಳಿದರು: "ಬಿಳೀದು ಬರ್ಸ್ಬುಡು. ಇದು ನಂದು ಕಣ್ಲಾ, ನಾನು ಆರಿಸ್ದೆ."

ಬುಕ್ ಮಾಡಿದೆವು. ಗಾಡಿ ಬರಲು ಕಾಯಬೇಕು ಎಂದರು ಶೋರೂಮಿನವರು. ದೊಡ್ಡತ್ತೆ ತಂಗಿ ಬಂದುಹೋದ ದಿನದಿಂದ ಗಂಜಿ ಬಿಟ್ಟು ಅನ್ನಕ್ಕೆ ಬಂದರು. ಅತ್ತೆ ದಿನಾ ಬೆಳಗ್ಗೆ ಗೇಟಿಗೆ ಹೋಗಿ, ಕಾರು ತನ್ನಷ್ಟಕ್ಕೆ ತಾನೇ ನಡೆದುಕೊಂಡು ಬಂದುಬಿಡುತ್ತದೋ ಎಂಬಂತೆ ರಸ್ತೆ ನೋಡಿ ಬರುವರು. ಅಂಥ ಒಂದು ಬೆಳಗ್ಗೆ ಗೇಟಿಗೆ ಹೋದವರು ಅಲ್ಲೇ ಕುಸಿದರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು. ಎಲ್ಲರೂ ದೊಡ್ಡತ್ತೆಯ ಕಡೆ ಕಣ್ಣಿಟ್ಟು ಕೂತಿದ್ದರೆ, ಸಾವು ನಮ್ಮ ಮನೆಗೆ ಬಂತು.

ತಿಥಿ ಕಳೆದ ಮೇಲೆ ಶೋರೂಮಿನಿಂದ ಫೋನು ಬಂತು. ನಮ್ಮನೆಯವರು ಬೇಡ ಎಂದು ಹೇಳಲು ಬಾಯಿ ತೆರೆದರು, ನಾನು ಫೋನು ಕಿತ್ತುಕೊಂಡು, "ಬರ್ತೀವಿ, ಇಟ್ಟಿರಿ" ಎಂದೆ. ಅಮ್ಮನಿಗೆ ಇನ್ನೂ ಮುಂಚೆ ಕೊಡಿಸಬಹುದಿತ್ತು ಎಂದು ಅವರು ಇವತ್ತಿಗೂ ಆ ಕಾರಿನಲ್ಲಿ ಸರಿಯಾಗಿ ಕೂರುವುದಿಲ್ಲ. ನನಗೆ ಮಾತ್ರ ಈಗ ಭಾನುವಾರ ಮನೆಯಲ್ಲಿ ಇರಲಾಗುವುದಿಲ್ಲ. ಸೋಸಲೆಗೆ ಹೊರಟುಬಿಡುತ್ತೇನೆ, ದೊಡ್ಡತ್ತೆಯ ತಲೆಗೆ ಎಣ್ಣೆ ಹಚ್ಚಿ ಬರುತ್ತೇನೆ.

ಅವರಿಗೆ ತಂಗಿ ಹೋದ ಸುದ್ದಿ ಹೇಳಿಲ್ಲ. ಎದೆ ಒಡೆದುಕೊಳ್ಳುತ್ತಾರೆ, ಬೇಡ ಎಂದು ಅವರ ಮಗ ಕೈಮುಗಿದಿದ್ದಾರೆ. ಮೊದಲ ಸಲ ಹೋದಾಗ ದೊಡ್ಡತ್ತೆ ನನ್ನ ಬೆನ್ನ ಹಿಂದಿನ ಬಾಗಿಲು ನೋಡಿದರು.

"ಅವ್ಳೆಲ್ಲವ್ವಾ?"

ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ. "ಎರಡು ಕಾರು ನೋಡಿದ್ದಾರೆ ದೊಡ್ಡತ್ತೆ. ಯಾವುದು ಅಂತ ಇನ್ನೂ ಆರಿಸ್ತಾನೇ ಇದ್ದಾರೆ."

ದೊಡ್ಡತ್ತೆ ತಲೆಯಾಡಿಸಿದರು. "ಆರಿಸ್ಲಿ ಬುಡು, ಅವಸರ ಮಾಡ್ಬ್ಯಾಡಿ. ಯಾವತ್ತು ಯಾರವ್ವಾ ಅವ್ಳ್ನ ನಿಂಗೇನ್ ಬೇಕು ಅಂತ ಕೇಳಿದ್ರು?"