ಅವು ಆನಂದಬಾಷ್ಪ ಅಲ್ಲ

ನಿಜಾಮರ ರಾಜ್ಯ ಭಾರತಕ್ಕೆ ಸೇರಿ ಒಂದೋ ಎರಡೋ ವರ್ಷವಾಗಿತ್ತು. ಸರಿಯಾದ ಇಸವಿ ಕೇಳಬೇಡಿ. ನನ್ನ ಕಣ್ಣೀರಿನ ಈ ಸಂಗತಿಯನ್ನು ಊರವರು ಎಷ್ಟು ಸಲ ತಿದ್ದಿ ಹೇಳಿದ್ದಾರೆಂದರೆ, ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ನಾನಾಗ ಸುರಪುರದ ಶಾಲೆಯೊಂದರಲ್ಲಿ ಹಂಗಾಮಿ ಮಾಸ್ತರ. ಕಲಿತದ್ದೆಲ್ಲ ಉರ್ದುವಿನಲ್ಲಿ. ಪಾಠಗಳು ಕನ್ನಡಕ್ಕೆ ತಿರುಗಿದ್ದರಿಂದ ಕಂದೀಲಿನ ಮುಂದೆ ಕೂತು, ರೆಪ್ಪೆ ಬಡಿಯುವುದನ್ನೂ ಮರೆತು ಕನ್ನಡ ಪುಸ್ತಕ ಓದುತ್ತಿದ್ದೆ.

ಬರಬರುತ್ತ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚತೊಡಗಿತು. ಗಾಳಿಗೆ ಹೊರಟರೆ ಸಾಕು, ನೀರು ಸುರಿಯುತ್ತಿತ್ತು.

"ಮಾರಿ ಒರಸ್ಕೊಂಡು ಹೋಗ್ರಿ. ನಾನು ನಿಮಗ ಹೊಡಿತೀನಿ ಅಂತ ಓಣ್ಯಾಗ ಸುದ್ದಿ ಆಗೇದ" ಅಂದಳು ಹೆಂಡತಿ.

ನೆರೆಯವರು ಹೇಳಿದ್ದನ್ನೆಲ್ಲ ಕಣ್ಣಿಗೆ ಹಾಕಿಕೊಂಡೆ. ಹರಳೆಣ್ಣೆ, ಜೇನು, ಕೊನೆಗೆ ಉಳ್ಳಾಗಡ್ಡಿ ರಸ. ಉರಿ ಇಮ್ಮಡಿಯಾಯಿತು. ಯಾದಗಿರಿಗೆ ಹೋದೆ. ಡಾಕ್ಟರರು ರೆಪ್ಪೆ ಎತ್ತಿ ನೋಡಿ, "ನಿಮ್ಮ ಕಣ್ಣು ಒಣಗ್ಯಾವ್ರಿ" ಅಂದರು.

"ಹಳ್ಳ ಹರದಂಗ ಹರಿತಾವಲ್ರಿ ಸಾಹೇಬ್ರ."

"ಕಣ್ಣಿನ ಮ್ಯಾಲಿನ ಪಸಿ ನಿಲ್ಲವಲ್ದು. ಅದಕ್ಕ ಉರಿತಾವ. ಉರಿಗಿ ನೀರು ಬರ್ತದ, ಬಂದ ನೀರು ನಿಲ್ಲದ ಇಳದು ಹೋಗ್ತದ."

ಕಂಡದ್ದನ್ನೆಲ್ಲ ಕಣ್ಣಿಗೆ ಹಾಕುವುದು ಬಿಡಬೇಕು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಇಡಬೇಕು, ಓದುವಾಗ ನೆನಪಿಟ್ಟು ರೆಪ್ಪೆ ಬಡಿಯಬೇಕು, ಗಾಳಿಯಲ್ಲಿ ಚಸ್ಮಾ ಹಾಕಬೇಕು ಅಂದರು.

ಚಸ್ಮಾ ಕೈಗೆ ಬರುವ ಮೊದಲೇ ಆಗಸ್ಟ್ ಹದಿನೈದು ಬಂತು. ಗುಡ್ಡದ ಕಡೆಯ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಬಾವುಟ ಏರುವಾಗ ನನ್ನ ಗಲ್ಲವೆಲ್ಲ ತೊಯ್ದಿತ್ತು. ಹಿಂದಿನಿಂದ ಯಾರೋ ಅಂದರು: "ನೋಡು, ಉರ್ದು ಮಾಸ್ತರ ನಿಜಾಮ ಹೋದ್ನಂತ ಅಳಾಕತ್ತಾನ."

ಆ ಮಾತೇ ನನ್ನ ಮೇಲಿನ ದೂರು ಆಗಿ ಮೇಲಧಿಕಾರಿಗಳವರೆಗೆ ಹೋಯಿತು. ವಿಚಾರಣೆಗೆ ಬಂದ ಶಿಕ್ಷಣ ಖಾತೆಯ ಸಾಹೇಬರಿಗೆ ಡಾಕ್ಟರರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

"ಮಾಸ್ತರ, ನೀರು ಸುರಿಯೋ ಕಣ್ಣಿಗಿ ಒಣಗ್ಯಾವ ಅಂತೀರಿ. ನಮ್ಮ ಕಿವಿಗಿ ಹೂ ಇಡ್ತೀರೇನು?"

ನೌಕರಿ ಹೋಯಿತು ಅಂದುಕೊಂಡೆ. ಆಗ ನಮ್ಮ ಹೆಡ್‌ಮಾಸ್ತರರು ನಡುವೆ ಬಾಯಿ ಹಾಕಿದರು: "ಇವ್ರಿಗಿ ಹೇಳಾಕ ನಾಚಿಕಿರಿ ಸಾಹೇಬ್ರ. ಅವು ಆನಂದಬಾಷ್ಪ. ಬಾವುಟ ಕಂಡ್ರ ಇವ್ರಿಗಿ ತಡಕೊಳ್ಳಾಕ ಆಗೂದಿಲ್ಲ."

ಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಸುಳ್ಳನ್ನು ಇಷ್ಟು ಬೇಗ ನಂಬಿದ ಮನುಷ್ಯ ನಿಜವನ್ನು ಯಾಕೆ ನಂಬಲಿಲ್ಲ? ನನ್ನ ಸಿಟ್ಟು ಅಲ್ಲಿಂದ ಶುರು.

ಮರುವರ್ಷ ಬಾವುಟ ಏರಿಸಲು ಅದೇ ಸಾಹೇಬರು ಬಂದರು. ನನ್ನನ್ನು ಮುಂದಿನ ಸಾಲಿನಲ್ಲಿ, ಗಾಳಿಗೆ ಎದುರಾಗಿ ನಿಲ್ಲಿಸಿದರು. ಅಷ್ಟೊತ್ತಿಗೆ ಕಣ್ಣು ಸುಧಾರಿಸಿತ್ತು, ಚಸ್ಮಾವೂ ಬಂದಿತ್ತು. ಹೆಡ್‌ಮಾಸ್ತರರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಚಸ್ಮಾ ತೆಗೀರಿ ಮಾಸ್ತರ. ಸಾಹೇಬ್ರಿಗಿ ಕಣ್ಣೀರು ಕಾಣಬೇಕು."

"ಮತ್ತ ಬ್ಯಾನಿ ಹತ್ತತದ್ರಿ."

"ಒಂದು ಘಳಿಗಿ ತಡಕೋರಿ. ನಿಮ್ಮ ನೌಕರಿ ಇನ್ನಾ ಕಾಯಂ ಆಗಿಲ್ಲ, ನೆಪ್ಪಿರಲಿ."

"ಅಷ್ಟು ಬೇಕಿದ್ರ ಸಾಹೇಬ್ರಿಗೇ ಅಳಾಕ ಹೇಳ್ರಿ" ಅಂದೆ. ಜೋರಾಗಿ ಅಂದೆನೋ, ಹಲ್ಲು ಕಚ್ಚಿ ಅಂದೆನೋ, ಈಗ ಹೇಳಲಾರೆ. ಚಸ್ಮಾ ಮಾತ್ರ ತೆಗೆಯಲಿಲ್ಲ.

ಬಾವುಟ ಏರಿತು. ಸಾಹೇಬರು ಅದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗಲ್ಲದ ಮೇಲೆ ಒಂದು ಹನಿಯೂ ಇರಲಿಲ್ಲ. "ಈ ವರ್ಷ ಮಾಸ್ತರರ ಭಕ್ತಿ ಕಡಿಮಿ ಆಗೇದ" ಅನ್ನುತ್ತ, ಹುಡುಗರಿಗೆ ಹಂಚಲು ತಂದಿದ್ದ ಬತಾಸು ಬಾಯಿಗೆ ಹಾಕಿಕೊಂಡರು. ಸ್ವಲ್ಪ ದಿನಕ್ಕೆ ನನ್ನನ್ನು ಹುಣಸಗಿ ಕಡೆಗೆ ಎತ್ತಿ ಹಾಕಿದರು. ನೌಕರಿ ಕಾಯಂ ಆಗಲು ಮತ್ತೆ ವರ್ಷಗಳೇ ಹಿಡಿದವು.

ಮೊನ್ನೆ ಮೊಮ್ಮಗಳು ಶಾಲೆಯಲ್ಲಿ ಭಾಷಣ ಮಾಡಿ ಬಂದಳು, ನಮ್ಮಜ್ಜ ಬಾವುಟ ನೋಡಿ ಅತ್ತಿದ್ದ ಅಂತ. "ಅತ್ತಿಲ್ಲವ್ವ, ಕಣ್ಣು ಉರಿತಿದ್ವು" ಅಂದೆ. "ನಿನಗ ಮರ್ತದ ಬಿಡಜ್ಜ" ಅಂದಳು.

ಮರೆತದ್ದು ಬಹಳ ಇದೆ, ಒಪ್ಪುತ್ತೇನೆ. ಆದರೆ ನನ್ನ ಕಣ್ಣೀರಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರೇ ಹೊರತು, ಆ ದಿನ ಬಾವುಟ ನೋಡಿ ನನಗೇನು ಅನ್ನಿಸಿತೆಂದು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.