ಕೇಜಿನ ಬಾಗಿಲಲ್ಲಿ ನಿಂತವರು

2022ರಲ್ಲಿ ನಾನು ಬೆಂಗಳೂರಿನ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ ಆಟಗಾರರ ಅಭಿಪ್ರಾಯ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಕೈಕೆಳಗೆ ಹತ್ತಾರು ಜನ ಎಂದುಕೊಳ್ಳಬೇಡಿ, ಆ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಅದಕ್ಕೂ ಮೊದಲು ಸೋಪು, ಟೀಪುಡಿ, ಕೊಬ್ಬರಿ ಎಣ್ಣೆಯ ಬಗ್ಗೆ ಜನ ಏನನ್ನುತ್ತಾರೆಂದು ಮನೆಮನೆಯ ಬಾಗಿಲು ತಟ್ಟಿ ಕೇಳುವುದು ನನ್ನ ಕಸುಬಾಗಿತ್ತು. ಐವತ್ತು ದಾಟಿದ ಹೆಂಗಸು ಬಂದೂಕಿನ ಆಟದ ಕಂಪನಿ ಸೇರುತ್ತಾಳೆ ಎಂದಾಗ ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ನಗದವರಿಲ್ಲ. ಸೋಪಾದರೇನು, ಆಟವಾದರೇನು, ಜನರ ಬಾಯಿಂದ ನಿಜ ಹೊರಡಿಸುವ ಕೆಲಸ ಒಂದೇ ಎಂದು ನಾನು ಅವರಿಗೆ ಹೇಳುತ್ತಿದ್ದೆ.

ಆಟದ ಹೆಸರು ಹೇಳುವುದಿಲ್ಲ. ಹೇಳಬಾರದೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ, ಈ ಕಥೆಯಲ್ಲಿ ಒಬ್ಬರಾದರೂ ಕೊಟ್ಟ ಮಾತು ಉಳಿಸಿಕೊಳ್ಳಲಿ. ಅದು ಫಸ್ಟ್ ಪರ್ಸನ್ ಶೂಟರ್ ಎಂಬ ಜಾತಿಯ ಆಟ. ಅಂದರೆ ಪರದೆಯ ಮೇಲೆ ನಿಮಗೆ ಕಾಣುವುದು ನಿಮ್ಮ ಕೈ, ಕೈಯಲ್ಲಿರುವ ಬಂದೂಕು ಮತ್ತು ಎದುರಿಗಿರುವ ಜಗತ್ತು. ಕಥೆ ನಡೆಯುವುದು ಪ್ರಳಯವಾದ ಮೇಲೆ. ಹೊರಗೆ ಗಾಳಿಯೆಲ್ಲ ವಿಷವಾಗಿದೆ. ಬದುಕುಳಿದವರು ಒಂದು ಹಳೆಯ ಗಣಿಯ ಬಾಯಲ್ಲಿ ಬಿಡಾರ ಹೂಡಿದ್ದಾರೆ. ನಾಲ್ವರು ಆಟಗಾರರು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿದು ಔಷಧಿ ಹುಡುಕಿ ತರಬೇಕು. ಕತ್ತಲಲ್ಲಿ ವಿಕಾರ ಪ್ರಾಣಿಗಳು ಕಾದಿರುತ್ತವೆ. ಮೊದಲ ಭಾಗದಲ್ಲಿ ಒಂದು ನಿಯಮವಿತ್ತು: ನಾಲ್ವರೂ ಒಳಗೆ ಬರುವವರೆಗೆ ಕೇಜು ಮೇಲೇಳದು. ಬಿದ್ದವರನ್ನು ಉಳಿದವರು ಹೊತ್ತು ತರಬೇಕು.

ನಮ್ಮೂರಿನ ಪಕ್ಕದ ಕೆಜಿಎಫ್‌ನ ಹುಡುಗರು ಆ ಆಟಕ್ಕೆ ಮರುಳಾಗಿದ್ದರು. ಅಲ್ಲಿನ ಚಿನ್ನದ ಗಣಿ ಮುಚ್ಚಿ ಎರಡು ದಶಕ ಕಳೆದಿದ್ದರೂ ಆ ಊರಿನ ಮನೆಗಳಲ್ಲಿ ಕೇಜು, ಅದು ಇಳಿಯುವ ಬಾವಿಯಾದ ಶಾಫ್ಟು ಎಂಬ ಮಾತುಗಳು ಸೌಟು, ಪಾತ್ರೆ ಎನ್ನುವಷ್ಟೇ ಸಲೀಸು. ಹಾಗಾಗಿ ಸೀಕ್ವೆಲ್, ಅಂದರೆ ಎರಡನೇ ಭಾಗ, ಅರ್ಧ ತಯಾರಾದಾಗ ಅದನ್ನು ಜನರಿಂದ ಆಡಿಸಿ ನೋಡುವ ಪರೀಕ್ಷೆಯನ್ನು ಬೆಂಗಳೂರಿನ ಜೊತೆಗೆ ಬಂಗಾರಪೇಟೆಯಲ್ಲೂ ಮಾಡೋಣ ಎಂದು ನಾನೇ ಹಟ ಹಿಡಿದೆ. ಸ್ಟೇಷನ್ ಪಕ್ಕದ ಒಂದು ಗೇಮಿಂಗ್ ಸೆಂಟರನ್ನು ಭಾನುವಾರಗಳಿಗೆ ಗೊತ್ತು ಮಾಡಿದೆ.

ಆಡುವವರನ್ನು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ನಾನು ದಿನಾ ಬೆಂಗಳೂರಿಗೆ ಹೋಗುತ್ತಿದ್ದೆ. ಅದೇ ರೈಲಿಗೆ ಕೆಜಿಎಫ್‌ನ ಉರಿಗಾಂನಲ್ಲಿ ಹತ್ತಿ ಬರುತ್ತಿದ್ದವನು ಶೇಖರ, ವೆಲ್ಡಿಂಗ್ ಕೆಲಸದವನು. ಸೀಟು ಸಿಕ್ಕಿದರೂ ಕೂರುತ್ತಿರಲಿಲ್ಲ, ಬಾಗಿಲಲ್ಲೇ ನಿಲ್ಲುತ್ತಿದ್ದ. ಬಂಗಾರಪೇಟೆಯಲ್ಲಿ ರೈಲು ಹೊರಟ ಮೇಲೆ ಓಡಿ ಬರುವ ನನ್ನಂಥ ಸೋಮಾರಿಗಳನ್ನು "ಓಡಕ್ಕಾ, ಓಡು!" ಎಂದು ಕೈ ಹಿಡಿದು ಒಳಗೆಳೆದುಕೊಳ್ಳುವುದು ಅವನ ನಿತ್ಯದ ಸೇವೆ. ಕೈ ಹಿಡಿದ ಪರಿಚಯ ಹರಟೆಗೆ ತಿರುಗಿ, ಅವನೂ ಅವನ ಇಬ್ಬರು ಗೆಳೆಯರೂ ಪರೀಕ್ಷೆಗೆ ಒಪ್ಪಿದರು. ನಾಲ್ಕನೆಯವಳು ಬೂದಿಕೋಟೆಯ ಮಂಜುಳ. ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಬರುತ್ತಿದ್ದಳು. ಗುರಿಯಲ್ಲಿ ಗಂಡಸರಿಗೆ ನೀರು ಕುಡಿಸುತ್ತಿದ್ದಳು.

ಆಡುವಾಗ ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್‌ನಲ್ಲಿ ಮೈಕು ಇರುತ್ತದೆ. ಎಲ್ಲಿ ಹೆದರಿದರು, ಎಲ್ಲಿ ಬೇಸರಪಟ್ಟರು ಎಂದು ತಿಳಿಯಲು ನಾವು ಅವರ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದೆವು. ನಮ್ಮ ವಿನ್ಯಾಸ ತಂಡದ ಮುಖ್ಯಸ್ಥ ಅರ್ಜುನ್ ನನಗೆ ಏನು ಹೇಳಿದ್ದನೋ ಅದನ್ನೇ ನಾನು ಅವರಿಗೆ ಹೇಳಿದೆ: "ನಿಮ್ ದನಿ ನಮ್ ತಂಡ ಬಿಟ್ರೆ ಬೇರೆ ಯಾರ ಕಿವಿಗೂ ಬೀಳಲ್ಲ. ಕೆಲಸ ಮುಗಿದ ಮೇಲೆ ಅಳಿಸಿಬಿಡ್ತೀವಿ."

"ನೀನ್ ಏಳುದ್ ಮ್ಯಾಲೆ ಇನ್ನೇನಕ್ಕಾ," ಎಂದ ಶೇಖರ.

ಎರಡನೇ ಭಾಗದಲ್ಲಿ ಕಂಪನಿ ಒಂದು ಹೊಸ ನಿಯಮ ತಂದಿತ್ತು. ಕೇಜಿನಲ್ಲಿ ಒಂದು ಲಿವರ್, ಅಂದರೆ ಎಳೆಯುವ ಹಿಡಿಕೆ. ಮೊದಲು ತಲುಪಿದವರು ಅದನ್ನು ಎಳೆದರೆ ಕೇಜು ಮೇಲೇಳುತ್ತದೆ, ಉಳಿದವರು ಕೆಳಗೇ ಸಾಯುತ್ತಾರೆ, ಎಳೆದವರಿಗೆ ದುಪ್ಪಟ್ಟು ಅಂಕ. ನಾಲ್ವರೂ ಬಂದು ಸೇರುವಷ್ಟು ಸಮಯವನ್ನು ಆಟ ಕೊಡುವುದಿಲ್ಲ. ಬೆಂಗಳೂರಿನ ಗುಂಪುಗಳು ಇದನ್ನು ಕ್ಷಣದಲ್ಲಿ ಕಲಿತವು. ಒಬ್ಬ ಹುಡುಗನಂತೂ ಕೇಜಿನ ಕಡೆ ಓಡುತ್ತಿದ್ದ ಸ್ವಂತ ತಮ್ಮನ ಕಾಲಿಗೇ ಗುಂಡು ಹೊಡೆದು ಕೇಕೆ ಹಾಕಿದ. ಅರ್ಜುನನಿಗೆ ಹಿಗ್ಗೋ ಹಿಗ್ಗು.

ನಮ್ಮ ಬಂಗಾರಪೇಟೆಯ ಗುಂಪು ಮಾತ್ರ ಪ್ರತಿ ಸಲ ಸತ್ತಿತು. ಶೇಖರ ಎಲ್ಲರಿಗಿಂತ ಮೊದಲು ಕೇಜು ತಲುಪುತ್ತಿದ್ದ, ಲಿವರ್ ಮುಟ್ಟದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಸಮಯ ಮುಗಿದು ಸುರಂಗ ಕುಸಿಯುತ್ತಿತ್ತು. ರೆಕಾರ್ಡಿಂಗ್ ನೋಡಿದ ಅರ್ಜುನ್, "ಪಾಪ, ಅವರಿಗೆ ಅರ್ಥವಾಗಿಲ್ಲ. ಕನ್ನಡದಲ್ಲಿ ಸೂಚನೆ ಹಾಕೋಣ," ಎಂದ. ಕನ್ನಡದಲ್ಲಿ ದಪ್ಪ ಅಕ್ಷರ ಬಂತು, ಲಿವರಿನ ಮೇಲೆ ಕೆಂಪು ಬಾಣ ಬಂತು. ಮುಂದಿನ ಭಾನುವಾರವೂ ನಾಲ್ವರೂ ಸತ್ತರು.

ಆಟ ನಿಲ್ಲಿಸಿ ನಾನು ನೇರವಾಗಿ ಕೇಳಿದೆ. "ಶೇಖರ, ಲಿವರ್ ಎಳೆಯೋದು ಅಂತ ಗೊತ್ತಾಗ್ತಿಲ್ವೇನೋ?"

"ಗೊತ್ತಾಗ್ದೆ ಏನಕ್ಕಾ? ಎಳುದ್ರೆ ಕೇಜು ಮ್ಯಾಕ್ಕೆ ಓಗ್ತದೆ. ಮಂಜುಳ ಇನ್ನಾ ಕೆಳಗೇ ಅವ್ಳೆ. ಎಂಗೆ ಎಳೀಲಿ?"

"ಇದು ಆಟ ಕಣೋ."

ಮಂಜುಳ ಹೆಡ್‌ಸೆಟ್ ಕಳಚಿಟ್ಟಳು. "ಅದಕ್ಕೇ ಅಕ್ಕಾ. ಆಟದಾಗೆ ನಾಕ್ ಜನಾನೂ ಸತ್ರೆ ಮತ್ತೆ ಆಡ್ಬೌದು. ಬಿಟ್ಟು ಓದ ಅನ್ನಿಸ್ಕಂಡ್ರೆ ಆಮ್ಯಾಲೆ ಇವ್ನ ಮಕ ಎಂಗ್ ನೋಡಾದು?"

ಆ ದಿನ ಮತ್ತೆ ಆಡುವಾಗ ಶೇಖರ ಕೇಜಿನ ಬಾಗಿಲಲ್ಲಿ ನಿಂತು, ಕತ್ತಲ ಕಡೆಗೆ ಎಳೆದು ರಾಗವಾಗಿ ಕೂಗಿದ: "ಬನ್ರಪ್ಪೋ... ನಿಂತಿದೀವೀ..." ಅದು ಅವನಪ್ಪನ ಕೂಗಂತೆ. ಅಪ್ಪ ಮುನಿಯಪ್ಪನವರು ಗಣಿಯಲ್ಲಿ ಕೇಜಿನ ಬಾಗಿಲು ಮುಚ್ಚಿ ಗಂಟೆ ಹೊಡೆಯುವ ಕೆಲಸದಲ್ಲಿದ್ದವರು. ಗಂಟೆ ಹೊಡೆಯುವ ಮುಂಚೆ ಹಿಂದುಳಿದವರಿಗಾಗಿ ಸುರಂಗದ ಕಡೆ ಹಾಗೆ ಕೂಗುತ್ತಿದ್ದರಂತೆ. ಗಣಿ ಮುಚ್ಚಿದ ಮೇಲೂ ಕೂಗು ನಿಲ್ಲಲಿಲ್ಲ. ಬೀದಿಯಲ್ಲಿ ಆಡುವ ಮೊಮ್ಮಕ್ಕಳನ್ನು ಸಂಜೆ ಊಟಕ್ಕೆ ಕರೆಯುವುದೂ ಅದೇ ಕೂಗಿನಿಂದ. ಶೇಖರ ಕೂಗಿದಾಗ ಪಕ್ಕದ ಸ್ಟೇಷನ್ನಿನಲ್ಲಿ ರೈಲೊಂದು ಹಾರ್ನ್ ಹೊಡೆಯಿತು. ನಾವೆಲ್ಲ ನಕ್ಕೆವು.

ನಾನು ವರದಿ ಬರೆದೆ. ನನ್ನ ವೃತ್ತಿಜೀವನದಲ್ಲೇ ಮನಸ್ಸಿಟ್ಟು ಬರೆದ ವರದಿ ಅದು. ಈ ಆಟಗಾರರಿಗೆ ಗೊಂದಲವಿಲ್ಲ, ಅವರು ನಿರಾಕರಿಸುತ್ತಿದ್ದಾರೆ. ಒಬ್ಬರಿಗೊಬ್ಬರು ಕಾಯುವುದೇ ಈ ಆಟದ ಜೀವ, ಅದಕ್ಕಾಗಿಯೇ ಜನ ಮೊದಲ ಭಾಗವನ್ನು ಪ್ರೀತಿಸಿದ್ದು, ಲಿವರ್ ತೆಗೆದುಹಾಕಿ ಎಂದು ಬರೆದೆ. ಕಾಯುವುದೆಂದರೇನು ಎಂದು ತಂಡಕ್ಕೆ ತಿಳಿಯಲಿ ಎಂದು ಶೇಖರನ ಕೂಗಿನ ತುಣುಕನ್ನೂ ಸಭೆಯಲ್ಲಿ ಕೇಳಿಸಿದೆ. ಅರ್ಜುನ್ ಎದ್ದು ಬಂದು ಕೈ ಕುಲುಕಿದ. "ಇಂಥ ಒಳನೋಟ ನಮಗೆ ಯಾರೂ ಕೊಟ್ಟಿರಲಿಲ್ಲ," ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಬೆಳಗಿನ ರೈಲಿನಲ್ಲಿ ಶೇಖರನಿಗೆ, "ನಿನ್ ಮಾತು ಗೆದ್ದಿತು ಕಣೋ," ಎಂದೂ ಹೇಳಿಬಿಟ್ಟೆ.

ಮುಂದಿನ ವರ್ಷ ಎರಡನೇ ಭಾಗ ಬಿಡುಗಡೆಯಾಯಿತು. ಆಟಗಾರರು ಅಂತರ್ಜಾಲದಲ್ಲಿ ಬರೆದ ಅಭಿಪ್ರಾಯಗಳನ್ನು ಓದಿ ಒಟ್ಟುಮಾಡುವುದು ನನ್ನ ಕೆಲಸ. ಚಿತ್ರಗಳು ಸೊಗಸು, ಬಂದೂಕಿನ ತೂಕ ಕೈಗೆ ತಿಳಿಯುತ್ತದೆ ಎಂದು ಕೆಲವರು. ಮೊದಲ ಭಾಗವನ್ನು ಪ್ರೀತಿಸಿದವರು ಕೆಂಡ ಕಾರಿದ್ದರು: ಗೆಳೆಯರ ಜೊತೆ ಆಡುತ್ತಿದ್ದ ಆಟವನ್ನು ಗೆಳೆತನ ಕೆಡಿಸುವ ಆಟ ಮಾಡಿದ್ದೀರಿ, ನಮ್ಮನ್ನು ನಂಬಿಸಿ ಕತ್ತು ಕೊಯ್ದಿರಿ ಎಂದು. ಲಿವರ್ ಹಾಗೇ ಇತ್ತು! ನನ್ನ ವರದಿ ಕಸದ ಬುಟ್ಟಿ ಸೇರಿತು ಎಂದುಕೊಂಡೆ. ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಕೆಂದರೆ ಬೈದವರೂ ಹೊಗಳಿದವರೂ ಒಂದು ವಿಷಯದಲ್ಲಿ ಒಂದೇ ಮಾತು ಬರೆದಿದ್ದರು. ಆ ದನಿ! ಗಣಿಯ ತಳದ ಪ್ರಾಣಿಯೊಂದು ಕತ್ತಲಲ್ಲಿ ಅಡಗಿ ಮನುಷ್ಯರಂತೆ ಕರೆಯುತ್ತದೆ, ಯಾರೋ ಗೆಳೆಯರು ಉಳಿದಿದ್ದಾರೆಂದು ಕಾದು ನಿಂತವರನ್ನು ಕೊಲ್ಲುತ್ತದೆ, ಆದ್ದರಿಂದ ಆ ದನಿ ಕೇಳಿದ ಕೂಡಲೇ ಗುಂಡು ಹಾರಿಸಿ ಎಂದು ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಂಡಿದ್ದರು. ಎಲ್ಲೋ ದೂರದ ದೇಶದವನೊಬ್ಬ, ದೆವ್ವಕ್ಕಾಗಿಯೇ ಒಂದು ಹೊಸ ಭಾಷೆ ಸೃಷ್ಟಿಸಿದ್ದೀರಿ, ಭೇಷ್ ಎಂದು ಬರೆದಿದ್ದ.

ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ಆಟ ತೆರೆದು, ಬಾರದ ಕೈಯಲ್ಲಿ ಹೇಗೋ ಆ ಹಂತ ತಲುಪಿದೆ. ಕತ್ತಲು. ನಂತರ ಅದು ಬಂತು: "ಬನ್ರಪ್ಪೋ... ನಿಂತಿದೀವೀ..." ವೇಗ ತಗ್ಗಿಸಿ, ಒರಟು ಮಾಡಿದ್ದರು. ಬೇರೆ ಯಾರದೋ ದನಿ ಇರಬಹುದು ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಅದರ ಹಿಂದೆ ಸಣ್ಣಗೆ, ಎಳೆದು ಉದ್ದವಾದ ರೈಲಿನ ಹಾರ್ನ್ ಇತ್ತು. ಬಂಗಾರಪೇಟೆ ಸ್ಟೇಷನ್ನಿನ ಹಾರ್ನ್ ಅಳಿಸುವುದನ್ನು ಮರೆತಿದ್ದರು.

ನನ್ನ ವರದಿಯನ್ನು ಅವರು ಓದಿದ್ದರು. ಬಲು ಚೆನ್ನಾಗಿ ಓದಿದ್ದರು. ಜನ ಕಾಯುತ್ತಾರೆ ಎಂದು ನಾನು ತೋರಿಸಿಕೊಟ್ಟಿದ್ದೆ. ಕಾಯುವವರನ್ನು ಹೇಗೆ ಕೊಲ್ಲಬಹುದು ಎಂದು ಅವರು ಅದರಿಂದಲೇ ಕಲಿತಿದ್ದರು.

ಅರ್ಜುನನ ಕೋಣೆಗೆ ಹೋಗಿ, "ಅಳಿಸುತ್ತೇವೆ ಎಂದಿದ್ದಿರಿ," ಎಂದೆ.

"ಅಳಿಸಬೇಕೆಂದೇ ಇದ್ದೆವು. ಕೇಳಿದ ಮೇಲೆ ಯಾರಿಗೂ ಮನಸ್ಸು ಬರಲಿಲ್ಲ. ಅಂಥ ದನಿ ಸ್ಟುಡಿಯೊದಲ್ಲಿ ಸಿಗುತ್ತದಾ, ನೀವೇ ಹೇಳಿ."

"ತೆಗೆಯಿರಿ."

"ಜನ ಅತಿ ಹೆಚ್ಚು ಮೆಚ್ಚಿರುವುದು ಅದನ್ನೇ. ನಿಮ್ಮ ವಿಭಾಗವೇ ಹಾಗೆ ಹೇಳುತ್ತಿದೆಯಲ್ಲ?"

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾನು ನೂರು ಸಲ ಆಡಿರಬಹುದು. ಅದರ ಉರಿ ತಿಳಿದದ್ದು ಅವತ್ತು. ಬೇಕಿದ್ದರೆ ಆ ಹುಡುಗನ ಹೆಸರನ್ನು ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಹಾಕಿಸುತ್ತೇನೆ, ಕಂಪನಿಯ ಟೀ ಶರ್ಟು, ಚೀಲ ಕಳಿಸುತ್ತೇನೆ ಎಂದು ಅರ್ಜುನ್ ಮೂಗಿಗೆ ತುಪ್ಪ ಸವರಿದ. ನಾನು ಮೇಲಿನವರವರೆಗೂ ಹೋದೆ. ರೆಕಾರ್ಡಿಂಗ್ ಕಂಪನಿಯ ಆಸ್ತಿ ಎಂದರು. ಬಾಯಿಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಬಾಯಿಮಾತು ನನ್ನದಾಗಿತ್ತು.

ಆ ವಾರ ಶೇಖರ ರೈಲಿನಲ್ಲಿ ಕಾಣಲಿಲ್ಲ. ಭಾನುವಾರ ಉರಿಗಾಂಗೆ ಹೋದೆ. ಸಾಲುಮನೆಗಳ ನಡುವೆ ಅವನ ಮನೆ. ಮುನಿಯಪ್ಪನವರು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಶೇಖರ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತ. ಅವನಿಗೆ ಆಗಲೇ ಗೊತ್ತಾಗಿತ್ತು, ಬೀದಿಯ ಹುಡುಗರು ಫೋನಿನಲ್ಲಿ ತೋರಿಸಿದ್ದರು.

"ಎಷ್ಟುಕ್ಕೆ ಮಾರ್ದೆ ಅಂತ ಕೇಳ್ದೆ ಇವುನ್ನ," ಎಂದರು ಮುನಿಯಪ್ಪ. "ಮಾರಿಲ್ಲ ಅಂತಾನೆ."

"ಅವನು ಮಾರಿಲ್ಲ ಅಣ್ಣಾ. ಕಂಪನಿಯವರು ಕದ್ದಿದ್ದಾರೆ."

"ಯಾರ್ ಮಾತ್ ನಂಬಿ ಕೂಗ್ದ?"

"ನನ್ನ ಮಾತು."

ಅವರು ನನ್ನನ್ನು ಬಯ್ಯಲಿಲ್ಲ. ಒಳಗೆ ತಿರುಗಿ ಟೀ ಇಡಲು ಹೇಳಿದರು. ಹೊರಡುವಾಗ ಶೇಖರ ಬೀದಿಯ ತುದಿಯವರೆಗೂ ಬಂದ.

"ಅಪ್ಪ ಸಾಯಂಕಾಲ ಮಕ್ಳುನ್ನ ಕರುದ್ರೆ, ಮೂಲೇಲಿ ಕೂತಿರೋ ಉಡುಗ್ರು ಬಂದೂಕ್ ಇಡ್ದಂಗೆ ಕೈ ಮಾಡಿ ಡಿಶುಂ ಡಿಶುಂ ಅಂತ ನಗ್ತಾರೆ," ಎಂದ. "ಅಪ್ಪ ಕರೆಯಾದೇ ನಿಲ್ಲಿಸ್ಬುಟ್ಟವ್ರೆ."

ನಾನು ಕ್ಷಮೆ ಕೇಳಿದೆ. ಮರುದಿನ ನಾನು ಕೆಲಸ ಬಿಟ್ಟೆ. ಆಟದಲ್ಲಿ ದನಿ ಇವತ್ತಿಗೂ ಇದೆ.

ಈಗ ನಾನು ಮತ್ತೆ ಟೀಪುಡಿಯ ಕಂಪನಿಯಲ್ಲಿದ್ದೇನೆ. ಅಭಿಪ್ರಾಯ ಕೇಳುವಾಗ ಯಾರ ದನಿಯನ್ನೂ ರೆಕಾರ್ಡ್ ಮಾಡುವುದಿಲ್ಲ. ನನ್ನ ಕೈಯಲ್ಲಿಲ್ಲದ ಮಾತನ್ನು ಯಾರಿಗೂ ಕೊಡುವುದಿಲ್ಲ. ಅಭಿಪ್ರಾಯ ಕೇಳುವುದೆಂದರೆ ಒಬ್ಬರ ಮನೆಯೊಳಕ್ಕೆ ಚಪ್ಪಲಿ ಬಿಟ್ಟು ಹೋಗುವ ಕೆಲಸ, ಹೊರಗೆ ಬರುವಾಗ ಬರಿಗೈಯಲ್ಲಿ ಬರಬೇಕು. ಮೂವತ್ತು ವರ್ಷ ಮಾಡಿದ ಕೆಲಸವನ್ನು ನಾನು ಕಲಿತದ್ದು ಇಷ್ಟು ತಡವಾಗಿ.

ಹೋದ ತಿಂಗಳು ಒಂದು ಬೆಳಿಗ್ಗೆ ಎಂದಿನಂತೆ ತಡವಾಯಿತು. ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ರೈಲು ಆಗಲೇ ಉರುಳುತ್ತಿತ್ತು. ಓಡಿದೆ. ಬಾಗಿಲಲ್ಲಿ ನಿಂತಿದ್ದವನು ಶೇಖರ. ನನ್ನನ್ನು ನೋಡಿದ. ಅವನು ಮುಖ ತಿರುಗಿಸಿದ್ದರೆ ನನಗೆ ಕೋಪ ಬರುತ್ತಿರಲಿಲ್ಲ. ಆದರೆ ಅವನು ಬಗ್ಗಿ ಕೈ ಚಾಚಿದ, ಮಣಿಕಟ್ಟು ಗಟ್ಟಿಯಾಗಿ ಹಿಡಿದು ಒಳಗೆಳೆದುಕೊಂಡ, ನನ್ನ ಕಾಲು ನೆಲದ ಮೇಲೆ ನಿಂತಿತೇ ಎಂದು ನೋಡಿದ.

"ಬನ್ನಿ ಮೇಡಂ," ಎಂದ.

ಆಮೇಲೆ ನಡೆದು ಹೋಗಿ ಎದುರಿನ ಬಾಗಿಲಲ್ಲಿ ನಿಂತ. ಅಕ್ಕಾ ಎನ್ನುತ್ತಿದ್ದವನು ಮೇಡಂ ಎಂದಿದ್ದ. ಅವನ ಅಭಿಪ್ರಾಯ ನನಗೆ ಸಿಕ್ಕಿತ್ತು. ಬೆಂಗಳೂರು ಬರುವವರೆಗೂ ನಾನು ಅವನನ್ನು ಬೇರೇನೂ ಕೇಳಲಿಲ್ಲ.