ಮಹಾದೇವಿಯ ‘ರೀ’

ಕಳೆದ ವರ್ಷದ ಶ್ರಾವಣ. ಮರಾಠಿ ಸೀಮೆಯ ನಿಗಡಿಯ ನಮ್ಮ ಮನೆಯಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಆರಂಭಿಸಿ ಆರು ವರ್ಷವಾಗಿತ್ತು. ಆ ದಿನವೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಪಾತಿ, ಹೆಸರುಕಾಳಿನ ಪಲ್ಯ ತುಂಬಿ, ಏಳು ಹತ್ತರ ಕಂಪನಿ ಬಸ್ಸಿಗೆ ಅವರನ್ನು ಕಳುಹಿಸಿದೆ. ತುಳಸಿಗೆ ನೀರು ಹಾಕುತ್ತಿದ್ದಾಗ ಪಾಠಕ್ಕೆ ಬರುತ್ತಿದ್ದ ಮಹಾದೇವಿ ಗೇಟಿನೊಳಗೆ ಬಂದಳು. ಎಂಟೂವರೆಗೆ ಬರಬೇಕಾದವಳು ಎಂಟಕ್ಕೇ ಬಂದಿದ್ದಳು. ಸೀರೆಯ ನೆರಿಗೆಗೆ ಮೂರು ಕಡೆ ಪಿನ್ನು.

ಅವಳು ಯಾದಗಿರಿ ಕಡೆಯವಳು, ಹನ್ನೆರಡನೆಯ ತರಗತಿಯವರೆಗೆ ಓದಿದವಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷದಿಂದ ಹೌಸ್‌ಕೀಪಿಂಗ್, ಅಂದರೆ ವಾರ್ಡು ಗುಡಿಸಿ ಒರೆಸುವ ಕೆಲಸ. ಈಗ ಬೆನ್ನುನೋವಿನಿಂದ ಬಗ್ಗುವುದೇ ಕಷ್ಟವಾಗಿತ್ತು. ಅಲ್ಲಿಯ ರಿಸೆಪ್ಷನ್ ಹುದ್ದೆಗೆ ಒಳಗಿನವರೂ ಸಂದರ್ಶನ ಕೊಡಬಹುದು, ಆದರೆ ಮೂರೇ ಸಲ. ಎರಡು ಸಲ ಬಾಯಿ ಬಿಡದೆ ಎದ್ದು ಬಂದಿದ್ದಳು. ಮೂರನೆಯದು ಅಂದು ಹನ್ನೊಂದಕ್ಕೆ.

ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಪ್ರತಿ ವಾಕ್ಯದ ಕೊನೆಗೆ ಒಂದು ‘ರೀ’ ಬರುತ್ತಿತ್ತು, ಅಷ್ಟೇ. ‘ಗುಡ್ ಮಾರ್ನಿಂಗ್‌ರೀ’, ‘ಪ್ಲೀಸ್ ಸಿಟ್‌ರೀ’. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ತಿದ್ದುತ್ತಿದ್ದಂತೆಯೇ ನಾನೂ ಮೂರು ವಾರ ಬೆರಳೆತ್ತಿ ಅದನ್ನು ಬಿಡಿಸಿದ್ದೆ. ‘ರೀ’ ಹೋಯಿತು. ಜೊತೆಗೆ ಧ್ವನಿಯೂ ಕುಗ್ಗುತ್ತಾ ಹೋಗಿ, ಆ ಬೆಳಗ್ಗೆ ತನ್ನ ಹೆಸರು ಹೇಳಿದ್ದೂ ನನಗೆ ಕೇಳಿಸಲಿಲ್ಲ.

ಪುಸ್ತಕ ಮುಚ್ಚಿ, ಏನಾಗುತ್ತಿದೆ ಎಂದು ಕನ್ನಡದಲ್ಲೇ ಕೇಳಿದೆ. ಮೊದಲೇ ಕೇಳಬಹುದಿತ್ತು.

“ರೀ ಬಿಟ್ರ ದೊಡ್ಡವರಿಗೆ ಎದುರು ಮಾತಾಡಿದಂಗ ಆಗ್ತದ್ರೀ ಅಕ್ಕಾರ. ನಾಲಿಗಿ ಏಳಂಗಿಲ್ರೀ. ಹಿಂದಿನ ಎರಡು ಸಲಾನೂ ಇಂಗ್ಲಿಷಿಗೆ ರೀ ಹಚ್ಚಬಾರದಂತ ಬಾಯಿ ಕಟ್ಟಿತ್ರೀ.”

ಭಯ ಎಂದು ನಾನು ತಿಳಿದದ್ದು ಮರ್ಯಾದೆಯಾಗಿತ್ತು. ಸಂದರ್ಶನಕ್ಕೆ ಉಳಿದದ್ದು ಎರಡೇ ಗಂಟೆ. ಹಾಗಾದರೆ ‘ರೀ’ ಹಚ್ಚಿಯೇ ಹೇಳು ಎಂದೆ. ಅನುಮಾನದಿಂದ ನನ್ನ ಬೆರಳನ್ನೇ ನೋಡಿದಳು. ಆಮೇಲೆ ಹೆಸರು, ಕೆಲಸ, ಯಾವ ಡಾಕ್ಟರು ಯಾವ ಮಹಡಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ತಡೆಯಿಲ್ಲದೆ ಹೇಳಿ ಮುಗಿಸಿದಳು. ಹೀಗೇ ಹೋಗು ಎಂದು ಕಳುಹಿಸಿದೆ.

ಕಳುಹಿಸಿದ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. ಅವಳು ನಗೆಪಾಟಲಾದರೆ ತಪ್ಪು ನನ್ನದೇ. ಮಧ್ಯಾಹ್ನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಐದೂವರೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು ಶುರು. ಕನ್ನಡ ತಿಳಿಯದ ಮ್ಯಾನೇಜರ್ ನಕ್ಕು, ಇದೇನು ‘ರೀ’ ಎಂದು ಕೇಳಿದರಂತೆ.

“ನಾ ಅಂದೆ, ‘ದಟ್ ಈಸ್ ರಿಸ್ಪೆಕ್ಟ್ ಸರ್‌ರೀ.’ ಆಮ್ಯಾಲೆ ಅವರು ಸಿಟ್ಟಿಗೆದ್ದ ಪೇಶಂಟ್‌ನಂಗ ನಾಟಕ ಮಾಡಿ ಬೈದ್ರು. ನಾನೂ ಸಮಾಧಾನ ಮಾಡೇಬಿಟ್ಟೆ. ಒಂದನೇ ತಾರೀಖಿನಿಂದ ಕುರ್ಚಿ ಮ್ಯಾಲಿನ ಕೆಲಸರೀ ಅಕ್ಕಾರ.”

ಚಹಾಕ್ಕೆ ನೀರಿಟ್ಟೆ. ಚಹಾ ಕುಡಿಯುತ್ತಾ ಅವಳು ಸಂದರ್ಶನವನ್ನು ಮೂರು ಸಲ ನಟಿಸಿ ತೋರಿಸಿದಳು. ಆತ್ಮವಿಶ್ವಾಸವೆಂದರೆ ನಾನು ತುಂಬಬೇಕಾದದ್ದು ಎಂದೇ ತಿಳಿದಿದ್ದೆ. ಎಷ್ಟೋ ಸಲ ಅದು ಕಲಿಯಲು ಬಂದವರಲ್ಲಿ ಮೊದಲೇ ಇರುತ್ತದೆ, ನಾವು ತಿದ್ದುವ ಭರದಲ್ಲಿ ಕಿತ್ತುಹಾಕುತ್ತೇವೆ. ಈಗ ಹೊಸಬರು ಬಂದರೆ ಮೊದಲ ವಾರ ಬೆರಳೆತ್ತುವುದಿಲ್ಲ.

ಅವಳು ಹೋದ ಮೇಲೆ ಪಕ್ಕದ ಮನೆಯ, ಬೆಳಗಾವಿಯ ಶಾಂತಾಬಾಯಿ ಒಣಗಿದ ಬಟ್ಟೆ ತೆಗೆಯುತ್ತಾ ಬಾಲ್ಕನಿಯಿಂದ ಅಂದರು: “ಮೂರು ವಾರ ಗ್ವಾಡಿ ದಾಟಿ ನಿಮ್ಮ ಒಬ್ಬರ ದನೀನ ಕೇಳ್ತಿತ್ರೀ. ಇವತ್ತ ಪಾಠಕ್ಕ ಯಾರೋ ಹೊಸಬ್ರು ಬಂದಾರೇನ್ರೀ?”